ಗೊಬ್ಬರದ ಚೀಲದ ಮೇಲಿನ ಹಳೆಯ ರಸಾಯನಶಾಸ್ತ್ರ

ಹಂಪೆಗೆ ಎದುರಾಗಿ ತುಂಗಭದ್ರೆಯ ಕವಲುಗಳ ನಡುವೆ ಹಬ್ಬಿರುವ ವಿರೂಪಾಪುರಗಡ್ಡೆಯ ಸುತ್ತಣ ಗಂಗಾವತಿ ಸೀಮೆಯಲ್ಲಿ, ಭತ್ತದ ಬೇಸಾಯಗಾರರು ಪೊಟ್ಯಾಷ್ ಎಂದು ಕರೆದು ಗದ್ದೆಗೆ ಎರಚುವ ಗೊಬ್ಬರದ ಚೀಲದ ಮೇಲೆ 'ಮ್ಯೂರಿಯೇಟ್ ಆಫ್ ಪೊಟ್ಯಾಷ್' ಎಂಬ ಹೆಸರು ಅಚ್ಚಾಗಿರುತ್ತದೆ. ಪ್ರಯೋಗಶಾಲೆಗಳು ಎಂದೋ ತ್ಯಜಿಸಿದ, ವ್ಯಾಪಾರವು ಮಾತ್ರ ಕೈಬಿಡದ ಈ ನಾಮಧೇಯವನ್ನು ಜರ್ಮನ್ ಭಾಷೆಗೆ ತರಹೊರಟವನು ಮೊದಲು ಅದರ ಚರಿತ್ರೆಯನ್ನು ಅರಿಯತಕ್ಕದ್ದು.

ಲ್ಯಾಟಿನ್ನಿನಲ್ಲಿ 'ಮುರಿಯಾ' ಎಂದರೆ ಉಪ್ಪುನೀರು. ಉಪ್ಪಿನಿಂದ ಪಡೆದ ಆಮ್ಲವು ಮ್ಯೂರಿಯಾಟಿಕ್ ಆಮ್ಲವೆನಿಸಿತು, ಅದರ ಲವಣಗಳು ಮ್ಯೂರಿಯೇಟುಗಳಾದುವು. ಸ್ವೀಡನ್ನಿನ ಷೀಲೆಯು 1774ರಲ್ಲಿ ಈ ಆಮ್ಲದಿಂದ ಹಳದಿ ಹಸುರಿನ ಅನಿಲವೊಂದನ್ನು ಬಿಡುಗಡೆ ಮಾಡಿದನು; ಮುಂದೆ, ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲವೆಂದು ನಂಬಿದ್ದ ಲವಾಸಿಯೇಯ ಪಂಥದವರು ಅದನ್ನು ಆಕ್ಸಿಮ್ಯೂರಿಯಾಟಿಕ್ ಆಮ್ಲವೆಂದು ಬಗೆದರು. ಅದು ಸಂಯುಕ್ತವಲ್ಲ, ಮೂಲವಸ್ತುವೇ ಎಂದು ಸಾಧಿಸಿ ಹಂಫ್ರಿ ಡೇವಿಯು 'ಕ್ಲೋರಿನ್' ಎಂಬ ಹೆಸರನ್ನಿತ್ತದ್ದು 1810ರಲ್ಲಿ. ಚೀಲದೊಳಗಿನ ಹರಳಿನಲ್ಲಿ ಇರುವುದು ಪೊಟ್ಯಾಸಿಯಂ ಮತ್ತು ಕ್ಲೋರಿನ್ ಎರಡೇ. ಆಕ್ಸಿಜನ್ನಿನ ಲವಲೇಶವೂ ಇಲ್ಲ. ಆದರೂ ಗೊಬ್ಬರದ ಸತ್ತ್ವವನ್ನು ಇಂದಿಗೂ ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕದಲ್ಲಿ ಶೇಕಡಾ 60 ಎಂದು ಹೇಳುತ್ತಾರೆ.

ಈ ಗೊಬ್ಬರದ ಉದ್ಯಮವು 1861ರಲ್ಲಿ ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ ಆರಂಭವಾದುದರಿಂದ ಜರ್ಮನರಿಗೆ ಈ ವಸ್ತುವು ಮನೆಯದೇ. ಅವರ ಹಳೆಯ ಗ್ರಂಥಗಳಲ್ಲಿ ಅದು 'ಜಾಲ್ಟ್ಸ್‌ಜೌರೆಸ್ ಕಾಲಿ', ಎಂದರೆ ಲವಣಾಮ್ಲದ ಕ್ಷಾರ; ಇಂದಿನ ಶಾಸ್ತ್ರದಲ್ಲಿ 'ಕಾಲಿಯುಮ್‌ಕ್ಲೋರೀಡ್'. ಡೇವಿಗೆ ಹಿಂದಿನ ಗ್ರಂಥವನ್ನು ಅನುವಾದಿಸುವವನಿಗೆ ಮೊದಲನೆಯದೇ ಸಲ್ಲುತ್ತದೆ, ಏಕೆಂದರೆ ಹೊಸ ಹೆಸರನ್ನಿಟ್ಟರೆ ಲೇಖಕನು ಕಾಣದ ಸತ್ಯವನ್ನು ಅವನ ಬಾಯಿಗೆ ತುರುಕಿದಂತಾಗುವುದು. ಗೊಬ್ಬರದ ಬಳಕೆಯ ಸೂಚನೆಯನ್ನು ಅನುವಾದಿಸುವವನಿಗಾದರೋ ಎರಡನೆಯದೇ ಯುಕ್ತ.

ನಿಜವಾದ ಅಪಾಯವಿರುವುದು ಸುಣ್ಣದ ಸಂಯುಕ್ತಗಳಲ್ಲಿ. 'ಮ್ಯೂರಿಯೇಟ್ ಆಫ್ ಲೈಮ್' ಎಂಬುದು ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡ್. 'ಕ್ಲೋರೈಡ್ ಆಫ್ ಲೈಮ್' ಎಂಬುದಾದರೋ 1799ರಲ್ಲಿ ಚಾರ್ಲ್ಸ್ ಟೆನೆಂಟನು ಹಕ್ಕುಪತ್ರ ಪಡೆದ, ನಮ್ಮ ಊರುಗಳ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು. ಇದಕ್ಕೆ ಜರ್ಮನ್ನಿನಲ್ಲಿ 'ಕ್ಲೋರ್‌ಕಾಲ್ಕ್' ಎಂಬ ಬೇರೆಯೇ ಹೆಸರುಂಟು. ಪದಕ್ಕೆ ಪದವಿಟ್ಟು 'ಕಾಲ್ಸಿಯುಮ್‌ಕ್ಲೋರೀಡ್' ಎಂದು ಬರೆದರೆ, ಕ್ರಿಮಿಗಳನ್ನು ಕೊಲ್ಲಬೇಕಾದ ವಸ್ತುವಿನ ಸ್ಥಾನದಲ್ಲಿ ಅವನ್ನು ಏನೂ ಮಾಡದ ಲವಣವೊಂದು ಬಂದು ಕೂರುತ್ತದೆ.

ಆದುದರಿಂದ ಹಳೆಯ ರಸಾಯನಗ್ರಂಥವನ್ನು ಅನುವಾದಿಸುವವರು ನಿಘಂಟನ್ನು ತೆರೆಯುವುದಕ್ಕೆ ಮೊದಲು ಗ್ರಂಥದ ಕಾಲವನ್ನು ನಿಶ್ಚಯಿಸಿಕೊಳ್ಳಲಿ. ಮೂಲದ ಹೆಸರನ್ನು ಆ ಕಾಲದ ಜರ್ಮನ್ನಿನಲ್ಲಿಯೇ ಉಳಿಸಿ, ಅಡಿಟಿಪ್ಪಣಿಯಲ್ಲಿ ಇಂದಿನ ಸಂಜ್ಞಾಸೂತ್ರವನ್ನು ತಪ್ಪದೆ ಕೊಡಲಿ.