ಸಾಲ, ಸಾಕ್ಷಿ, ಪಾಲು

ಕಾಮರ್ಸ್ ಹುಡುಗನಿಗೆ ಕುರಾನಿನ ಉಸಾಬರಿ ಯಾಕೆ ಅಂತ ಗೆಳೆಯನೊಬ್ಬ ನಕ್ಕ. ಆದರೆ ಕುರಾನಿನ ಅತಿ ಉದ್ದದ ವಚನ ಯಾವುದರ ಮೇಲಿದೆ ಗೊತ್ತೇ? ಪ್ರಾರ್ಥನೆಯ ಮೇಲಲ್ಲ, ಸಾಲಪತ್ರದ ಮೇಲೆ! ಎರಡನೆಯ ಅಧ್ಯಾಯದ 282ನೆಯ ವಚನ. ವಾಯಿದೆ ಸಾಲವಾದರೆ ಬರೆದಿಡಿ, ಮೊತ್ತ ಸಣ್ಣದೆಂದು ಬೇಸರಪಡಬೇಡಿ, ಒಕ್ಕಣೆಯನ್ನು ಸಾಲ ಪಡೆದವನೇ ಹೇಳಲಿ, ಸಾಕ್ಷಿಗಳಿರಲಿ, ಬರೆದವನಿಗೂ ಸಾಕ್ಷಿಗೂ ತೊಂದರೆ ಕೊಡಬೇಡಿ. ನಮ್ಮ ಅಕೌಂಟೆನ್ಸಿ ಮೇಷ್ಟ್ರು ಹೇಳೋದೂ ಹೆಚ್ಚುಕಡಿಮೆ ಇದನ್ನೇ. ಆದರೆ ಎರಡೇ ವಚನ ಹಿಂದೆ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಿರಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೇದು ಅಂತಲೂ ಇದೆ. ಇದು ಮೇಷ್ಟ್ರ ಪುಸ್ತಕದಲ್ಲಿಲ್ಲ.

ಹಾಗಂತ ಕುರಾನೊಂದೇ ಪೂರ್ತಿ ಕಾನೂನಲ್ಲ. ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್, ವಿದ್ವಾಂಸರ ಒಮ್ಮತ, ಹೋಲಿಕೆಯ ತರ್ಕ ಇವೂ ಸೇರಿದವು. ಉಯಿಲು ಆಸ್ತಿಯ ಮೂರನೇ ಒಂದು ಭಾಗ ದಾಟಬಾರದೆಂಬ ನಿಯಮ ಹದೀಸಿನದು.

ಪಾಲಿನ ಮುಖ್ಯ ಲೆಕ್ಕ ಮಾತ್ರ ಕುರಾನಿನಲ್ಲೇ ಇದೆ, ನಾಲ್ಕನೆಯ ಅಧ್ಯಾಯದಲ್ಲಿ. ಒಬ್ಬಾತ 5,00,000 ರೂಪಾಯಿ ಬಿಟ್ಟು ತೀರಿಕೊಂಡ ಅನ್ನಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮೊದಲು ಅವನ ಸಾಲ 20,000 ತೀರಬೇಕು. ಉಳಿದ 4,80,000ದಲ್ಲಿ ಹೆಂಡತಿಗೆ ಎಂಟನೇ ಒಂದು ಭಾಗ, 60,000. ಮಿಕ್ಕ 4,20,000ದಲ್ಲಿ ಮಗಳಿಗೆ 84,000, ಗಂಡುಮಕ್ಕಳಿಗೆ ತಲಾ 1,68,000.

ಮಗಳಿಗೆ ಅರ್ಧವೇ ಯಾಕೆ? ಸಂಸಾರ ಸಾಕುವ ಹೊಣೆ ಗಂಡಸಿನದು ಅಂತ ಉತ್ತರ ಹೇಳ್ತಾರೆ. ಮಗಳೇ ದುಡಿದು ಮನೆ ನಡೆಸುವಲ್ಲಿ ಈ ಉತ್ತರ ನನಗೆ ಸಾಲದು. ಆದರೆ ನಾವೇನು ಬೀಗಬೇಕಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ತಿದ್ದುಪಡಿ ಆಂಧ್ರದಲ್ಲಿ ಬಂದದ್ದು 1986ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಏಳನೇ ಶತಮಾನದಲ್ಲೇ ಹೆಣ್ಣಿಗೆ ಗೊತ್ತಾದ ಪಾಲು ಬರೆದಿಟ್ಟದ್ದು ಸಣ್ಣ ಮಾತಲ್ಲ.

ಇನ್ನು ಈ ಕಡೆಯ ಸಂಗತಿ. ರೂಢಿಯನ್ನು ತಳ್ಳಿ ಮುಸ್ಲಿಮರಿಗೆ ಷರೀಯತ್ ಪಾಲನ್ನು ಅನ್ವಯಿಸಿದ 1937ರ ಕಾಯಿದೆ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಕೃಷ್ಣಾ ಸೀಮೆಯಂಥ ಭತ್ತದ ನಾಡಿನಲ್ಲಿ ಗದ್ದೆ ಬಿಟ್ಟರೆ ಮಗಳಿಗೆ ಉಳಿಯೋದೇನು? 1949ರಲ್ಲಿ ಮದ್ರಾಸ್ ಸರಕಾರ ತಿದ್ದುಪಡಿ ತಂದು ಗದ್ದೆಯನ್ನೂ ಸೇರಿಸಿತು. ಆಗ ವಿಶಾಖಪಟ್ಟಣ, ವಿಜಯವಾಡ, ನಮ್ಮ ಮಂಗಳೂರು, ಕಾಸರಗೋಡು ಎಲ್ಲವೂ ಅದೇ ಮದ್ರಾಸಿನೊಳಗೇ ಇದ್ದವು.

ಕಾಯಿದೆಯೇನೋ ಇದೆ. ತವರಿನ ಮುಲಾಜಿಗೆ ಬಿದ್ದು ಅಕ್ಕತಂಗಿಯರು "ನನಗೆ ಬೇಡ" ಅಂತ ರುಜು ಹಾಕೋದು ಯಾವ ಜಾತಿಯಲ್ಲಿಲ್ಲ? ಅದೇ ಅಧ್ಯಾಯದ ಏಳನೆಯ ವಚನ, ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ, ಹೆಣ್ಣಿನ ಪಾಲು ಗೊತ್ತುಮಾಡಿದ್ದು ಅನ್ನುತ್ತದೆ. ಎಂಟನೆಯದು, ಪಾಲಿನ ಹೊತ್ತಿಗೆ ಬಂದ ಬಡವರಿಗೂ ಅನಾಥರಿಗೂ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿ ಕಳಿಸಿ ಅನ್ನುತ್ತದೆ.