ದೇಹದೊಳಗಿನ ಔಷಧ

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಯ ನೆರೆಯಲ್ಲಿರುವ ಅಬ್ಬಿಗೆರೆಯು ಸಣ್ಣ ಕಾರ್ಖಾನೆಗಳ ನೆಲೆ. ಅಲ್ಲಿ ದುಡಿಯುವವರಿಗೆ ಕೈಬೆರಳುಗಳೇ ಅನ್ನದ ದಾರಿ. ಬೆಳಗ್ಗೆ ಏಳುವಾಗ ಬೆರಳಿನ ಗೆಣ್ಣುಗಳು ಊದಿ, ಗಂಟೆಗಟ್ಟಲೆ ಮಡಿಸಲಾಗದಂತಾದರೆ ಅಂಥವರ ಪಾಡೇನು? ಕೀಲುಗಳನ್ನು ಹೀಗೆ ಬಿಗಿಯುವ ರೋಗಗಳಲ್ಲಿ ರುಮಟಾಯ್ಡ್ ಸಂಧಿವಾತವು ಮುಖ್ಯವಾದುದು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳು ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ಬಗೆದು ಅದರ ಮೇಲೆರಗುತ್ತವೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಹ ಈ ಬಗೆಯ ರೋಗಗಳಿಗೆ ಸ್ವಯಂನಿರೋಧಕ ರೋಗಗಳೆಂದು ಹೆಸರು.

1929ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ವೈದ್ಯರಾದ ಫಿಲಿಪ್ ಹೆಂಚ್ ಅವರಿಗೆ ರೋಗಿಯೊಬ್ಬರು ಒಂದು ವಿಚಿತ್ರ ಸಂಗತಿಯನ್ನು ತಿಳಿಸಿದರು. ಅವರಿಗೆ ಕಾಮಾಲೆ ತಗುಲಿದೊಡನೆ ಬಹುಕಾಲದ ಕೀಲುನೋವು ತಗ್ಗಿತ್ತು! ಬೇರೆಯವರಾಗಿದ್ದರೆ ಕೇಳಿ ಮರೆಯುತ್ತಿದ್ದರೇನೋ, ಹೆಂಚ್ ಮರೆಯಲಿಲ್ಲ. ಇಂತಹ ಇನ್ನಷ್ಟು ರೋಗಿಗಳನ್ನು ಅವರು ಗಮನಿಸಿದರು. ಗರ್ಭಿಣಿಯರಲ್ಲಿಯೂ ನೋವು ಇಳಿದು, ಹೆರಿಗೆಯ ಬಳಿಕ ಮರಳುತ್ತಿದ್ದುದನ್ನು ಕಂಡರು. ಹಾಗಾದರೆ ರೋಗವನ್ನು ಅಡಗಿಸಬಲ್ಲ ವಸ್ತುವೊಂದು ದೇಹದೊಳಗೇ ಇರಬೇಕೆಂದು ತರ್ಕಿಸಿ, ಅದನ್ನು ‘ಎಕ್ಸ್ ವಸ್ತು’ ಎಂದು ಕರೆದರು.

ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರು ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಹಲವು ಸಂಯುಕ್ತಗಳನ್ನು ಬೇರ್ಪಡಿಸುತ್ತಿದ್ದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ನಿರ್ನಾಳ ಗ್ರಂಥಿಗಳಿವು. ಕೆಂಡಾಲರ ‘ಇ ಸಂಯುಕ್ತ’ವನ್ನು ಪರೀಕ್ಷಿಸಬೇಕೆಂದು 1941ರಲ್ಲಿಯೇ ಇಬ್ಬರೂ ಎಣಿಸಿದರು, ಆದರೆ ಗ್ರಂಥಿಗಳಿಂದ ದೊರೆಯುತ್ತಿದ್ದುದು ಅತ್ಯಲ್ಪ. ಕೊನೆಗೆ ದನದ ಪಿತ್ತರಸದ ಆಮ್ಲದಿಂದ ಅದನ್ನು ತಯಾರಿಸುವ ಮಾರ್ಗವನ್ನು ರಸಾಯನಶಾಸ್ತ್ರಜ್ಞರು ಕಂಡುಹಿಡಿದರು. ಕಾಮಾಲೆಗೂ ಪಿತ್ತಕ್ಕೂ ಇರುವ ನಂಟನ್ನು ನೆನೆದರೆ ಇದೊಂದು ಸೋಜಿಗವೇ ಸರಿ.

1948ರ ಸೆಪ್ಟೆಂಬರ್ 21ರಂದು, ನಡೆಯಲು ಕಷ್ಟಪಡುತ್ತಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಅದರ ಮೊದಲ ಚುಚ್ಚುಮದ್ದನ್ನು ನೀಡಲಾಯಿತು. ಕೆಲವೇ ದಿನಗಳಲ್ಲಿ ಅವರು ಸರಾಗವಾಗಿ ನಡೆದಾಡಿದರು. ಆ ವಸ್ತುವೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ಕಾರ್ಟಿಸೋನ್ ದೇಹದಲ್ಲಿ ಕಾರ್ಟಿಸಾಲ್ ಆಗಿ ಮಾರ್ಪಡುತ್ತದೆ. ಕಾರ್ಟಿಸಾಲ್ ಜೀವಕೋಶದೊಳಗೆ ಹೊಕ್ಕು, ಉರಿಯೂತವನ್ನೆಬ್ಬಿಸುವ ಪ್ರೋಟೀನುಗಳ ತಯಾರಿಕೆಯನ್ನು ಕುಗ್ಗಿಸುತ್ತದೆ. ನಡುರಾತ್ರಿಯ ಸುಮಾರಿಗೆ ರಕ್ತದಲ್ಲಿ ಅದರ ಪ್ರಮಾಣ ಅತಿ ಕಡಿಮೆ. ಉರಿಯೂತದ ವಸ್ತುಗಳಾದರೋ ಇರುಳಿನಲ್ಲಿ ಏರುತ್ತವೆ. ಕೀಲುಗಳ ಬಿಗಿತವು ಮುಂಜಾನೆಯೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಗರ್ಭಿಣಿಯರಿಗೆ ದೊರೆಯುವ ಉಪಶಮನಕ್ಕೆ ಕಾರ್ಟಿಸಾಲ್ ಒಂದೇ ಕಾರಣವಲ್ಲ, ಬೇರೆ ಬದಲಾವಣೆಗಳೂ ಇವೆಯೆಂದು ಈಗ ತಿಳಿದಿದೆ.

ಆದರೆ ಮೊದಲ ಸಂಭ್ರಮವು ಬಹುಕಾಲ ಉಳಿಯಲಿಲ್ಲ. ಔಷಧ ನಿಲ್ಲಿಸಿದೊಡನೆ ರೋಗ ಮರಳಿತು. ಹೆಚ್ಚು ಪ್ರಮಾಣದಲ್ಲಿ ಬಹುದಿನ ಪಡೆದವರ ಮುಖ ಊದಿಕೊಂಡಿತು, ಮೂಳೆಗಳು ಸವೆದವು, ಸೋಂಕುಗಳು ಸುಲಭವಾಗಿ ತಗುಲಿದವು. ನೋವು ತಟ್ಟನೆ ಇಳಿಯುವುದೆಂಬ ಆಸೆಯಿಂದ ವೈದ್ಯರನ್ನು ಕೇಳದೆ ಇಂತಹ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರು ಈ ಅಪಾಯವನ್ನು ಅರಿಯರು. ಹೊರಗಿನಿಂದ ಹಾರ್ಮೋನು ಧಾರಾಳವಾಗಿ ಬರುತ್ತಿರುವಾಗ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ಕೈಬಿಟ್ಟು ಕುಗ್ಗತೊಡಗುತ್ತದೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಗ್ರಂಥಿಯು ಮತ್ತೆ ಚೇತರಿಸಿಕೊಳ್ಳಲು ಅವಕಾಶ ಬೇಕಾದುದರಿಂದ, ವೈದ್ಯರು ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ, ಕೆಲವೊಮ್ಮೆ ಹಲವು ತಿಂಗಳುಗಳ ಕಾಲ, ಇಳಿಸುತ್ತ ಬರುತ್ತಾರೆ.