ವನದೇವತೆ: ಸಹಾಯಕ ಪಾತ್ರದ ಮೇರೆ

ಸುಳ್ಯ ಸೀಮೆಯ ಆಲೆಟ್ಟಿಯೇ ಮೊದಲಾದ ತುಳುನಾಡಿನ ಗ್ರಾಮಗಳಲ್ಲಿ ಬನವೆಂದರೆ ನಾಗ-ದೈವಗಳ ನೆಲೆ. ಅಲ್ಲಿ ಕೊಡಲಿಯನ್ನೆತ್ತಬಾರದೆಂಬುದು ರೂಢಿ. ಅಲ್ಲಿಯ ದೇವತೆಯು ಶಾಸಿಸುವವಳು. ನಾಟಕಗಳ ವನದೇವತೆಯಾದರೋ ಸಖಿ. ಆ ಸಖಿಯ ಸಾಹಾಯ್ಯಕ್ಕೆ ಮೇರೆಯೆಷ್ಟೆಂಬುದು ವಿಚಾರಾರ್ಹವಾಗಿದೆ.

ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದ 4ನೆಯ ಅಂಕದಲ್ಲಿ, ಪತಿಗೃಹಕ್ಕೆ ಹೊರಟ ಶಕುಂತಲೆಗೆ ತರುಗಳು ದುಕೂಲವನ್ನೂ ಅರಗಿನ ರಸವನ್ನೂ, ವನದೇವತೆಗಳ ಕರತಲಗಳು ಆಭರಣಗಳನ್ನೂ ನೀಡುತ್ತವೆ. ಆದರೆ ದುರ್ವಾಸರ ಶಾಪವನ್ನು ನೀಗಿಸುವುದು ಅವರಿಂದಾಗದು. ಭವಭೂತಿಯ ‘ಉತ್ತರರಾಮಚರಿತ’ದ 3ನೆಯ ಅಂಕದಲ್ಲಿ, ಬಳಿಯಲ್ಲಿಯೇ ಅದೃಶ್ಯಳಾಗಿರುವ ಸೀತೆಯು ವನದೇವತೆಯಾದ ವಾಸಂತಿಗೂ ಕಾಣಿಸಳು. ಹೀಗಿದ್ದರೂ ವಾಸಂತಿಯ ನಿಷ್ಠುರ ಪ್ರಶ್ನೆಗಳಿಂದ ರಾಮನ ಅಡಗಿದ್ದ ಶೋಕವು ಹೊರಬೀಳುತ್ತದೆ. ಅದನ್ನು ಕೇಳಿ ಸೀತೆಯ ಪರಿತ್ಯಾಗವ್ಯಥೆಯು ಶಮಿಸತೊಡಗುತ್ತದೆ. ಸಮಸ್ಯೆಯ ಉತ್ತರವನ್ನರಿಯದವಳೇ ಉತ್ತರಕ್ಕೆ ದಾರಿಮಾಡಿದಳು.

ಒಗಟು ಬಿಡಿಸುವ ಇಂದಿನ ವಿಡಿಯೊ ಆಟಗಳಲ್ಲಿಯೂ ಈ ಪಾತ್ರವು ಬೇರೆ ವೇಷದಲ್ಲಿ ಉಳಿದಿದೆ. 1998ರಲ್ಲಿ ಜಪಾನಿನಲ್ಲಿ ಹೊರಬಂದ ‘ಒಕರಿನಾ ಆಫ್ ಟೈಮ್’ನಲ್ಲಿ ನಾವಿಯೆಂಬ ಪುಟ್ಟ ಕಿನ್ನರಿಯು ಕಾಡಿನ ಬಾಲಕನಿಗೆ ಜೊತೆಯಾಗಿ ಸೂಚನೆಗಳನ್ನೀಯುತ್ತಾಳೆ, ಬಿಡಿಸುವ ಭಾರವು ಆಡುವವನದೇ.

ಆದುದರಿಂದ ವನದೇವತೆಯನ್ನು ಕೇವಲ ಅಲಂಕಾರವೆಂದು ಪಾಠಹೇಳಿ ಮುಂದುವರಿಯುವುದು ಉಚಿತವಲ್ಲ. ನಾಯಕನ ಕರ್ತೃತ್ವಕ್ಕೆ ಕುಂದು ತಾರದೆ ಕಥೆಯನ್ನು ಮುನ್ನಡೆಸುವುದೇ ಸಹಾಯಕ ಪಾತ್ರದ ಲಕ್ಷಣವೆಂಬುದನ್ನು ವಿದ್ಯಾರ್ಥಿಗಳು ಇವಳಿಂದಲೇ ಸುಲಭವಾಗಿ ತಿಳಿಯಬಹುದು.